‘ಅಂತೆ’ ಕಂಡರೆ ಉಪಮೆ, ಕಾಣದಿದ್ದರೆ ರೂಪಕ: ಈ ಸೂತ್ರ ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: ತರಗತಿಟಿಪ್ಪಣಿ

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯ ಮಕ್ಕಳಿಗೆ ಅಲಂಕಾರ ಹೇಳಿಕೊಡುವಾಗ ಎಲ್ಲ ಕಡೆ ಓಡುವ ಸೂತ್ರ ಒಂದೇ. ‘ಅಂತೆ’, ‘ಹಾಗೆ’, ‘ವೋಲ್’, ‘ತೆರದಿ’ ಇದ್ದರೆ ಉಪಮೆ, ಇಂಥ ಪದ ಇಲ್ಲದೆ ಎರಡು ವಸ್ತು ಒಂದೇ ಅಂದಿದ್ದರೆ ರೂಪಕ. ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ, ಆದರೆ ಕೆಳಗಿನ ವಾಕ್ಯಗಳ ಮುಂದೆ ತಡವರಿಸುತ್ತಾರೆ.

ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು. (ಇದು ಸಲೀಸು.)
ಮೇಷ್ಟ್ರು ಹೇಳಿದಂತೆ ಮಕ್ಕಳು ಬರೆದರು.
ಅಣ್ಣನಂತೆ ತಮ್ಮನೂ ಎತ್ತರ.
ಮಾರಿಗೌತಣವಾಯ್ತು ನಾಳಿನ ಭಾರತವು.
ಸೀತೆಯ ಮುಖಕಮಲ ಅರಳಿತು.
ಅಚ್ಚೋದ ಸರೋವರವು ತ್ರೈಲೋಕ್ಯಲಕ್ಷ್ಮಿ ತನ್ನ ಸೌಂದರ್ಯ ನೋಡಿಕೊಳ್ಳಲು ನಿರ್ಮಿಸಿದ ರನ್ನಗನ್ನಡಿಯೋ ಎಂಬಂತೆ ಸೊಗಸಾಗಿತ್ತು.

ಇನ್ನೊಂದು: ‘ತಲೆ ತಿನ್ನಬೇಡ’, ‘ಹೊಟ್ಟೆ ಉರೀತು’ ಅಂತ ದಿನವೂ ಆಡುತ್ತೇವಲ್ಲ, ಇವನ್ನೂ ರೂಪಕ ಎನ್ನಬಹುದೇ? ಬಾಯಿಪಾಠದ ಲಕ್ಷಣ ಬೇಡ. ಮಕ್ಕಳೇ ಕೈಯಾರೆ ಮಾಡಿ ನೋಡಬಹುದಾದ ಪರೀಕ್ಷೆ ಇದ್ದರೆ ತಿಳಿಸಿ.

ಉತ್ತರ 1: ಪದಶೋಧ

ಮೊದಲು ‘ಅಂತೆ’ಯನ್ನೇ ಬಿಡಿಸಿಕೊಳ್ಳಿ. ಕನ್ನಡದಲ್ಲಿ ಈ ಒಂದು ಪದಕ್ಕೆ ಕನಿಷ್ಠ ನಾಲ್ಕು ಕೆಲಸ. ಅವುಗಳಲ್ಲಿ ಒಂದು ಮಾತ್ರ ಹೋಲಿಕೆ. ಯಾವುದು ಅನ್ನುವುದು ‘ಅಂತೆ’ಯ ಹಿಂದೆ ಏನಿದೆ ಎಂಬುದರ ಮೇಲೆ ನಿಲ್ಲುತ್ತದೆ.

ನಾಮಪದದ ಷಷ್ಠಿ ರೂಪದ ಮೇಲೆ ಬಂದರೆ ಹೋಲಿಕೆ: ಹಾವಿನ + ಅಂತೆ, ಮರದ + ಅಂತೆ, ಹೂವಿನ + ಅಂತೆ. ‘ಹೇಳಿದ’, ‘ಕೇಳಿದ’ ಮುಂತಾದ ಕೃದಂತದ ಮೇಲೆ ಬಂದರೆ ಹೆಚ್ಚಾಗಿ ‘ಪ್ರಕಾರ’ ಎಂಬ ಅರ್ಥ. ನಿಮ್ಮ ಎರಡನೇ ವಾಕ್ಯ ಇದು. ‘ಮೇಷ್ಟ್ರು ಹೇಳಿದ ಪ್ರಕಾರ’ ಅಂತ ಬದಲಿಸಿ ನೋಡಿ, ಅರ್ಥ ಕೂದಲೆಳೆಯಷ್ಟೂ ಕದಲುವುದಿಲ್ಲ. ಹಾಗಾಗಿ ಅಲ್ಲಿ ಅಲಂಕಾರವಿಲ್ಲ. ‘ಬರುವಂತೆ ಹೇಳಿದರು’ ಎಂಬಲ್ಲಿ ಅದು ಅಪ್ಪಣೆ ಅಥವಾ ಉದ್ದೇಶ. ಮುಗಿದ ವಾಕ್ಯದ ಕೊನೆಗೆ ಅಂಟಿಕೊಂಡರೆ ಅದು ಬರೀ ಕೇಳಿದ ಸುದ್ದಿ: ‘ನಿನ್ನೆ ಬಂದನಂತೆ’, ‘ಮಳೆ ಬಿತ್ತಂತೆ’.

ಮಕ್ಕಳು ನಿಜವಾಗಿ ಎಡವುವುದು ಕೊನೆಯದರಲ್ಲಿ. ‘ಅದು ಹಾವಂತೆ’ ಅಂದರೆ ಅದು ಹಾವೇ, ಯಾರೋ ಹೇಳಿದರು ಎಂದು. ‘ಅದು ಹಾವಿನಂತೆ’ ಅಂದರೆ ಹಾವಲ್ಲ, ಹಾವಿಗೆ ಹೋಲುವ ಬೇರೇನೋ. ‘ಮರವಂತೆ’, ‘ಮರದಂತೆ’ ಇವುಗಳಿಗೂ ಅದೇ ಅಂತರ. ನಪುಂಸಕ ಪದಗಳಲ್ಲಿ ‘ಇನ’, ‘ದ’ ಬಂದು ಗುಟ್ಟು ಬಿಟ್ಟುಕೊಡುತ್ತವೆ. ಆದರೆ ‘ಅವನು ರಾಜನಂತೆ’ ಎಂಬಲ್ಲಿ ರಾಜನು + ಅಂತೆ, ರಾಜನ + ಅಂತೆ ಎರಡೂ ಒಂದೇ ರೂಪಕ್ಕೆ ಬಂದು ನಿಲ್ಲುತ್ತವೆ. ಆಗ ಸಂದರ್ಭವೇ ಗತಿ. ಮಾತಿನಲ್ಲಿ ನಾವು ಈ ಗೊಂದಲ ತಪ್ಪಿಸಲೆಂದೇ ಹೋಲಿಕೆಗೆ ‘ರಾಜನ ಥರ’, ‘ರಾಜನ ಹಾಗೆ’ ಎನ್ನುತ್ತೇವೆ, ಸುದ್ದಿಗೆ ಮಾತ್ರ ‘ಅಂತೆ’ ಇಟ್ಟುಕೊಳ್ಳುತ್ತೇವೆ.

ಇನ್ನು ‘ಅಣ್ಣನಂತೆ ತಮ್ಮನೂ ಎತ್ತರ’. ಇದು ಹೋಲಿಕೆ ಹೌದು, ಉಪಮೆ ಅಲ್ಲ. ಸಂಸ್ಕೃತ ಶಾಸ್ತ್ರಕಾರರು ಇಂಥದಕ್ಕೆ ‘ಗೋಸದೃಶೋ ಗವಯಃ’ ಎಂಬ ಮಾತನ್ನು ಎತ್ತಿಕೊಳ್ಳುತ್ತಾರೆ: ಕಾಡುದನ ಹಸುವಿನಂತೆ ಇರುತ್ತದೆ. ಮಾಹಿತಿ ಸರಿಯಾಗಿದೆ, ಆದರೆ ಒಂದೇ ಜಾತಿಯ ಎರಡನ್ನು ಅಳೆದು ತೋರಿಸಿದಷ್ಟೇ ಆಯಿತು, ಮನಸ್ಸಿಗೆ ಹೊಸದೇನೂ ಕಾಣಲಿಲ್ಲ. ಉಪಮೆಗೆ ದೂರದ ಎರಡು ವಸ್ತು ಬೇಕು, ಅವೆರಡು ಸೇರಿದಾಗ ಒಂದು ಚಮತ್ಕಾರ ಹುಟ್ಟಬೇಕು.

ಉತ್ತರ 2: ಹಳಗನ್ನಡ ಮೇಷ್ಟ್ರು

ಪದಶೋಧರು ಹೇಳಿದ್ದು ಸರಿ. ಅಷ್ಟಾದ ಮೇಲೆ ನಾಲ್ಕು ಅಂಗ ಹುಡುಕುವ ಕೆಲಸ: ಉಪಮೇಯ (ಕವಿ ಹೇಳಹೊರಟ ವಸ್ತು), ಉಪಮಾನ (ಅದನ್ನು ಯಾವುದಕ್ಕೆ ಹೋಲಿಸಿದೆಯೋ ಅದು), ವಾಚಕಪದ (‘ಅಂತೆ’ಯಂಥ ಪದ), ಸಮಾನಧರ್ಮ (ಎರಡಕ್ಕೂ ಹೊಂದುವ ಗುಣ ಅಥವಾ ಕೆಲಸ). ನಾಲ್ಕೂ ಸಿಕ್ಕರೆ ಪೂರ್ಣೋಪಮೆ, ಒಂದೋ ಎರಡೋ ಮರೆಯಾಗಿದ್ದರೆ ಲುಪ್ತೋಪಮೆ.

ಉತ್ತರಪತ್ರಿಕೆಗಳಲ್ಲಿ ಉಪಮೇಯ, ಉಪಮಾನ ಅದಲುಬದಲಾಗುವುದು ಬಹಳ. ಅದಕ್ಕೆ ಒಂದು ‘ಅಳಿಸುವ ಪರೀಕ್ಷೆ’ ಇದೆ. ವಾಚಕಪದವನ್ನೂ ಅದು ಅಂಟಿಕೊಂಡ ಪದವನ್ನೂ ಪೆನ್ಸಿಲಿನಲ್ಲಿ ಹೊಡೆದುಹಾಕಿ. ‘ಭೀಮ ದುರ್ಯೋಧನರು ~~ಮದಗಜಗಳಂತೆ~~ ಹೋರಾಡಿದರು.’ ಏನು ಉಳಿಯಿತೋ ಅದು ಕವಿ ನಿಜವಾಗಿ ಹೇಳುತ್ತಿರುವ ವಿಷಯ, ಅದರ ಕರ್ತೃವೇ ಉಪಮೇಯ. ಹೊಡೆದುಹಾಕಿದ್ದರಲ್ಲಿ ಉಪಮಾನ ಮತ್ತು ವಾಚಕ ಇವೆ. ಉಳಿದ ಕ್ರಿಯಾಪದ ಎರಡಕ್ಕೂ ಹೊಂದಿದರೆ ಅದು ಸಮಾನಧರ್ಮ. ಭೀಮನೂ ಹೋರಾಡುತ್ತಾನೆ, ಸೊಕ್ಕಿದ ಆನೆಯೂ ಹೋರಾಡುತ್ತದೆ.

ರೂಪಕದಲ್ಲಿ ಈ ಪರೀಕ್ಷೆ ನಡೆಯದು. ‘ಮಾರಿಗೌತಣವಾಯ್ತು ನಾಳಿನ ಭಾರತವು’ ಎಂಬಲ್ಲಿ ‘ಮಾರಿಗೌತಣ’ ತೆಗೆದರೆ ವಾಕ್ಯವೇ ಕುಸಿಯುತ್ತದೆ, ಉಪಮಾನವೇ ಅದರ ತೊಲೆ.

ಈ ಸಾಲಿನ ಹತ್ತಿರ ಸ್ವಲ್ಪ ನಿಲ್ಲಬೇಕು, ಬರೀ ಹೆಸರು ಬರೆದು ಮುಂದೆ ಹೋಗುವಂಥ ಸಾಲಲ್ಲ ಇದು. ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳಿದ ಮೇಲೆ, ಯುದ್ಧ ಶುರುವಾಗುವ ಮೊದಲು, ಕರ್ಣ ಆಡುವ ಮಾತು. ‘ಭಾರತ’ ಎಂದರೆ ಇಲ್ಲಿ ದೇಶವಲ್ಲ, ಭಾರತಯುದ್ಧ. ದೇಶ ಅಂದುಕೊಂಡರೆ ರೂಪಕವೇ ಎದ್ದು ನಿಲ್ಲುವುದಿಲ್ಲ. ಉಪಮೇಯ ನಾಳೆಯ ಯುದ್ಧ, ಉಪಮಾನ ಮಾರಿಗೆ ಬಡಿಸುವ ಔತಣ. ಮಾರಿ ಊರೂರಿಗೆ ಗೊತ್ತಿರುವ ದೇವಿ, ಅವಳ ಎಡೆಗೆ ಬೀಳುವುದು ಬಲಿ. ಔತಣ ಎಂದರೆ ಕರೆದು, ಎಲೆ ಹಾಕಿ, ಸಾಕೆನ್ನುವವರೆಗೆ ಬಡಿಸುವುದು. ಹಾಗಾದರೆ ಎಲೆಯ ಮೇಲೆ ಇರುವವರು ಯಾರು? ನಾಳೆ ಸಾಯಲಿರುವ ಸೈನಿಕರು. ಆ ಒಂದು ಪದ ಇಷ್ಟನ್ನೂ ಒಳಗೆ ಹೊತ್ತಿದೆ. ಕ್ರಿಯಾಪದವನ್ನೂ ನೋಡಿ. ಯುದ್ಧ ‘ನಾಳಿನ’ದು, ಔತಣ ಮಾತ್ರ ‘ಆಯ್ತು’. ನಡೆಯದ ಯುದ್ಧ ಕರ್ಣನ ಕಣ್ಣಿಗೆ ಆಗಲೇ ಮುಗಿದುಹೋಗಿದೆ. ಈ ಸಾಲು ಬರೆದ ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದು ಕರೆದದ್ದು, ಲಕ್ಷ್ಮೀಶನನ್ನು ‘ಉಪಮಾಲೋಲ’ ಎಂದದ್ದು ಸುಮ್ಮನೆ ಹಾರ ಹಾಕಿದ್ದಲ್ಲ. ಇಂಥ ಸಾಲುಗಳ ಪಕ್ಕ ಕೂತರೆ ಆ ಬಿರುದಿನ ತೂಕ ತಿಳಿಯುತ್ತದೆ.

ಉತ್ತರ 3: ವಚನವಾಚಕ

ಮೇಷ್ಟ್ರೇ, ಅಳಿಸುವ ಪರೀಕ್ಷೆ ಚೆನ್ನಾಗಿದೆ, ಆದರೆ ಅದಕ್ಕೊಂದು ಮಿತಿ ಸೇರಿಸಬೇಕು. ಹೋಲಿಕೆ ವಾಕ್ಯದ ಕೊನೆಯಲ್ಲಿ ಕೂತಿದ್ದರೆ ಉಪಮೆಯೂ ಆ ಪರೀಕ್ಷೆಯಲ್ಲಿ ಸೋಲುತ್ತದೆ. ಬಸವಣ್ಣನವರ ವಚನ:

ನುಡಿದರೆ ಮುತ್ತಿನ ಹಾರದಂತಿರಬೇಕು
ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು
ನುಡಿದರೆ ಸ್ಫಟಿಕದ ಶಲಾಕೆಯಂತಿರಬೇಕು

‘ಮುತ್ತಿನ ಹಾರದಂತೆ’ ಹೊಡೆದುಹಾಕಿದರೆ ‘ನುಡಿದರೆ ಇರಬೇಕು’ ಎಂದು ಅರ್ಥವಿಲ್ಲದ್ದು ಉಳಿಯುತ್ತದೆ. ಆದರೂ ಇದು ಉಪಮೆಯೇ, ನುಡಿ ಹಾರವಾಗಿಬಿಟ್ಟಿತು ಎಂದು ಇಲ್ಲಿ ಹೇಳಿಲ್ಲ. ಆದ್ದರಿಂದ ಮಕ್ಕಳಿಗೆ ಎರಡನೇ ಪ್ರಶ್ನೆಯೊಂದನ್ನೂ ಕೊಡಿ: ‘ಇದು ಅದರ ಹಾಗಿದೆ ಎನ್ನುತ್ತಾನೋ, ಇದು ಅದೇ ಎನ್ನುತ್ತಾನೋ?’

ಇಲ್ಲಿ ಸಮಾನಧರ್ಮವನ್ನು ಬಾಯಿಬಿಟ್ಟು ಹೇಳಿಲ್ಲ, ಹಾಗಾಗಿ ಲುಪ್ತೋಪಮೆ. ಒಂದೇ ಉಪಮೇಯಕ್ಕೆ ಸಾಲಾಗಿ ಹಲವು ಉಪಮಾನ ಬಂದಿರುವುದರಿಂದ ಮಾಲೋಪಮೆ ಕೂಡ. ಹೇಳದೆ ಬಿಟ್ಟ ಆ ಧರ್ಮವನ್ನು ಹುಡುಕುವುದೇ ಓದುಗನ ಕೆಲಸ, ‘ಚೆನ್ನಾಗಿರಬೇಕು’ ಎಂದು ಮೂರಕ್ಕೂ ಒಂದೇ ಉತ್ತರ ಬರೆದರೆ ವಚನ ಕೈತಪ್ಪಿತು. ಮುತ್ತಿನ ಹಾರದಲ್ಲಿ ಜೋಡಣೆ ಇದೆ: ಒಂದೊಂದು ಮುತ್ತೂ ಬಿಡಿ, ಆದರೆ ದಾರ ಎಲ್ಲವನ್ನೂ ಹಿಡಿದಿದೆ. ಮಾಣಿಕ್ಯದಲ್ಲಿ ಅವರು ಕೇಳುತ್ತಿರುವುದು ಕಲ್ಲನ್ನಲ್ಲ, ದೀಪ್ತಿಯನ್ನು: ಮಾತಿನಿಂದ ಬೆಳಕು ಹೊರಡಬೇಕು. ಸ್ಫಟಿಕದ ಸಲಾಕೆ ನೇರ ಮತ್ತು ಪಾರದರ್ಶಕ: ಒಳಗೊಂದು ಹೊರಗೊಂದು ಇಲ್ಲ. ಕ್ರಮದಿಂದ ಬೆಳಕಿಗೆ, ಬೆಳಕಿನಿಂದ ನಿರ್ಮಲತೆಗೆ ನಡೆದು, ಮುಂದಿನ ಸಾಲಿನಲ್ಲಿ ಹೋಲಿಕೆಯನ್ನೇ ಬಿಟ್ಟು ‘ಲಿಂಗ ಮೆಚ್ಚಿ ಅಹುದಹುದೆನಬೇಕು’ ಎನ್ನುತ್ತಾರೆ. ಹೋಲಿಕೆ ಎಲ್ಲಿ ನಿಂತಿತು ಎನ್ನುವುದೂ ಅರ್ಥದ ಭಾಗ.

ಅದೇ ಬಸವಣ್ಣನವರ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯ’ ಎಂಬಲ್ಲಿ ‘ಅಂತೆ’ ಬದಲು ‘ಏ’ ಬಂದಿದೆ. ಒತ್ತಿ ಹೇಳುವ ಈ ಅವಧಾರಣೆಯ ‘ಏ’, ಹಾಗೆಯೇ ‘ಸಂಸಾರವೆಂಬ ಸಾಗರ’ದ ‘ಎಂಬ’, ರೂಪಕದ ಗುರುತುಗಳು. ರೂಪಕಕ್ಕೆ ಯಾವ ಗುರುತೂ ಇರುವುದಿಲ್ಲ ಎಂಬ ನಂಬಿಕೆ ಅದಕ್ಕೇ ಪೂರ್ತಿ ನಿಜವಲ್ಲ. ಇಡೀ ದೇಗುಲ ದೇಹಕ್ಕೆ, ಅದರ ಅಂಗಗಳು ಇದರ ಅಂಗಗಳಿಗೆ ತಾಳೆಯಾಗಿರುವುದರಿಂದ ಇದು ಸಾಂಗರೂಪಕ. ಇಲ್ಲಿ ‘ಅಂತೆ’ ಹಾಕಿ ‘ನನ್ನ ದೇಹ ದೇಗುಲದಂತಿದೆ’ ಎಂದು ಓದಿ ನೋಡಿ. ಉಳ್ಳವರ ಕಲ್ಲಿನ ಶಿವಾಲಯ ಮೂಲ, ಬಡವನ ದೇಹ ಅದರ ನಕಲು ಎಂದಾಗಿಬಿಡುತ್ತದೆ. ವಚನ ಹೇಳುವುದು ಅದಕ್ಕೆ ತದ್ವಿರುದ್ಧ. ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕಿಲ್ಲ ಎಂಬ ಕೊನೆಯ ಮಾತು ನಿಲ್ಲಬೇಕಾದರೆ ಅಲ್ಲಿ ರೂಪಕವೇ ಬೇಕು.

‘ಮುಖಕಮಲ’ದ ವಿಷಯ. ಸಮಾಸವಾದಾಗ ‘ಕಮಲದಂತಹ ಮುಖ’ ಎಂದೂ ಬಿಡಿಸಬಹುದು, ‘ಮುಖವೆಂಬ ಕಮಲ’ ಎಂದೂ ಬಿಡಿಸಬಹುದು. ತೀರ್ಪು ಕೊಡುವುದು ಕ್ರಿಯಾಪದ. ‘ಅರಳಿತು’ ಕಮಲದ ಕೆಲಸ, ಆದ್ದರಿಂದ ಕಮಲ ಮುಂದೆ ಬಂತು, ರೂಪಕ. ‘ಮುಖಕಮಲ ನಕ್ಕಿತು’ ಎಂದಿದ್ದರೆ ನಗುವುದು ಮುಖ, ಕಮಲ ಬರೀ ಹೋಲಿಕೆಗೆ ಬಂದದ್ದು, ಉಪಮೆ.

ತರಗತಿಟಿಪ್ಪಣಿ

ಕ್ರಿಯಾಪದ ನೋಡಿ ತೀರ್ಮಾನಿಸುವುದು ತುಂಬ ಉಪಯೋಗಕ್ಕೆ ಬರುತ್ತದೆ, ವಂದನೆಗಳು. ಸರೋವರದ ವಾಕ್ಯ ಉಳಿಯಿತು. ಅಲ್ಲಿ ‘ಎಂಬಂತೆ’ ಇದೆಯಲ್ಲ, ಉಪಮೆ ಎಂದು ಬರೆದರೆ ಏನು ತಪ್ಪು?

ಉತ್ತರ 4: ಹಳಗನ್ನಡ ಮೇಷ್ಟ್ರು

ಅದು ಉತ್ಪ್ರೇಕ್ಷೆ. ಉಪಮಾನ ಲೋಕದಲ್ಲಿ ಇರುವ ವಸ್ತುವೇ ಎಂದು ಕೇಳಿ. ಮದಗಜ ಇದೆ, ಮುತ್ತಿನ ಹಾರ ಇದೆ. ಮೂರು ಲೋಕದ ಲಕ್ಷ್ಮಿ ಮುಖ ನೋಡಿಕೊಳ್ಳಲು ಮಾಡಿಸಿದ ರತ್ನದ ಕನ್ನಡಿ ಎಲ್ಲೂ ಇಲ್ಲ, ಕವಿ ಈಗ ಊಹಿಸಿದ್ದು. ‘ಎಂಬಂತೆ’ಯ ಹಿಂದಿರುವ ‘ಓ’ ಆ ಊಹೆಯ ಗುರುತು. ‘ಕನ್ನಡಿಯೇ ಇರಬಹುದೇನೋ’ ಎಂದು ಬದಲಿಸಿದಾಗ ಅರ್ಥ ಸಲೀಸಾಗಿ ಕೂತರೆ ಉತ್ಪ್ರೇಕ್ಷೆ ಎಂದೇ ಬರೆಯಿಸಿ. ‘ಮದಗಜಗಳೇ ಇರಬಹುದೇನೋ ಹೋರಾಡಿದರು’ ಎಂದು ಬದಲಿಸಿದರೆ ಕೂರುವುದಿಲ್ಲ.

ಉತ್ತರ 5: ಆಡುಮಾತು

‘ತಲೆ ತಿನ್ನಬೇಡ’ದ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಅಲಂಕಾರಕ್ಕಿಂತ ‘ಲಕ್ಷಣಾ’ ಎಂಬ ವಿಚಾರ, ಅಂದರೆ ಪದ ನೇರ ಅರ್ಥ ಬಿಟ್ಟು ಅದಕ್ಕೆ ಸಂಬಂಧಪಟ್ಟ ಬೇರೆ ಅರ್ಥ ಕೊಡುವುದು, ಹೆಚ್ಚು ನೆರವಾಗುತ್ತದೆ. ಸಂಸ್ಕೃತ ಶಾಸ್ತ್ರಕಾರ ಮಮ್ಮಟ ಇದಕ್ಕೆ ಮೂರು ಷರತ್ತು ಹೇಳುತ್ತಾನೆ: ನೇರ ಅರ್ಥ ಹೊಂದಬಾರದು, ಬೇರೆ ಅರ್ಥಕ್ಕೂ ನೇರ ಅರ್ಥಕ್ಕೂ ಸಂಬಂಧ ಇರಬೇಕು, ಹಾಗೆ ಹೇಳುವುದಕ್ಕೆ ರೂಢಿಯಾಗಲಿ ಪ್ರಯೋಜನವಾಗಲಿ ಕಾರಣವಾಗಬೇಕು. ತಲೆಯನ್ನು ಯಾರೂ ತಿನ್ನುತ್ತಿಲ್ಲ, ಮೊದಲನೆಯದು ಆಯಿತು. ತಿಂದರೆ ವಸ್ತು ಖರ್ಚಾಗುತ್ತದೆ, ಕಾಟ ಕೊಟ್ಟರೆ ತಾಳ್ಮೆ ಖರ್ಚಾಗುತ್ತದೆ, ಇದು ಎರಡನೆಯದು. ಎಲ್ಲರೂ ಹೀಗೆಯೇ ಅನ್ನುತ್ತಾರೆ, ಇದು ರೂಢಿ. ಅದರ ಒಳಗೆ ಹೋಲಿಕೆ ಇದೆ, ಆದರೆ ಮಲಗಿದೆ. ಮಮ್ಮಟ ರೂಢಿಗೆ ಕೊಡುವ ಉದಾಹರಣೆಯಂತೂ ನಮ್ಮ ಬಾಯಲ್ಲೇ ಇದೆ: ‘ಕುಶಲ’. ದರ್ಭೆಯನ್ನು, ಎಂದರೆ ಕುಶವನ್ನು, ಕೈ ಕೊಯ್ದುಕೊಳ್ಳದೆ ತರಬಲ್ಲವನು ಎಂಬುದರಿಂದ ನಿಪುಣ ಎಂಬ ಅರ್ಥ ಬಂತು ಎನ್ನುತ್ತಾರೆ. ‘ಕುಶಲವೇ?’ ಎಂದು ಕೇಳುವಾಗ ಹುಲ್ಲಿನ ನೆನಪು ಯಾರಿಗೂ ಬರುವುದಿಲ್ಲ.

ಸೂಜಿಯ ಕಣ್ಣು, ಬಾಚಣಿಗೆಯ ಹಲ್ಲು, ಬೀಸುವ ಕಲ್ಲಿನ ಬಾಯಿ, ಕುರ್ಚಿಯ ಕಾಲು: ಇವೂ ಮಲಗಿರುವ ರೂಪಕಗಳೇ. ಎಬ್ಬಿಸುವುದು ಸುಲಭ, ಉಪಮಾನಕ್ಕೆ ತಕ್ಕ ಇನ್ನೊಂದು ಕೆಲಸ ಕೊಟ್ಟರಾಯಿತು. ‘ಅವರಿಗೆ ಹೊಟ್ಟೆಕಿಚ್ಚು’ ಎಂದರೆ ಕಿವಿ ನಿಮಿರುವುದಿಲ್ಲ. ‘ಅವರ ಹೊಟ್ಟೆಕಿಚ್ಚಿನಲ್ಲಿ ಒಂದು ಸೇರು ಅಕ್ಕಿ ಬೇಯುತ್ತದೆ’ ಎಂದ ಕೂಡಲೇ ಕಿಚ್ಚು ಮತ್ತೆ ಕಿಚ್ಚಾಯಿತು. ಮಕ್ಕಳಿಗೆ ಹತ್ತು ನುಡಿಗಟ್ಟು ಕೊಟ್ಟು ಹೀಗೆ ಎಬ್ಬಿಸಲು ಹೇಳಿ. ರೂಪಕ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಒಂದೇ ತರಗತಿಯಲ್ಲಿ ಕೈಗೆ ಹತ್ತುತ್ತದೆ.

ಒಂದು ಎಚ್ಚರಿಕೆ. ‘ಊರೆಲ್ಲ ಎದ್ದು ಬಂತು’, ‘ವಿಧಾನಸೌಧ ಒಪ್ಪಲಿಲ್ಲ’ ಇವು ರೂಪಕವಲ್ಲ. ಊರಿಗೂ ಜನಕ್ಕೂ ಹೋಲಿಕೆಯಿಲ್ಲ, ಜನ ಊರಲ್ಲಿ ಇರುತ್ತಾರೆ ಅಷ್ಟೆ. ಹೋಲಿಕೆಯಿಂದ ಹುಟ್ಟಿದ್ದು ಗೌಣೀ ಲಕ್ಷಣಾ, ಬೇರೆ ಸಂಬಂಧದಿಂದ ಹುಟ್ಟಿದ್ದು ಶುದ್ಧಾ. ‘ಹೊತ್ತು’ ಎಂಬ ಪದವೂ ಈ ಎರಡನೇ ಗುಂಪಿಗೆ ಹತ್ತಿರ. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಎಂಬಲ್ಲಿ ಅದು ಸೂರ್ಯ, ಹೊತ್ತಾಯಿತು ಎಂಬಲ್ಲಿ ಸಮಯ. ಸೂರ್ಯನಿಗೂ ಸಮಯಕ್ಕೂ ಹೋಲಿಕೆಯಿಲ್ಲ, ಒಂದನ್ನು ನೋಡಿ ಇನ್ನೊಂದನ್ನು ಅಳೆಯುತ್ತಿದ್ದೆವು.

ನುಡಿಗಟ್ಟುಗಳನ್ನು ಬಿಡಿಬಿಡಿಯಾಗಿ ಕಲಿಸದೆ ಗುಂಪಾಗಿ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. 1980ರಲ್ಲಿ ಭಾಷಾವಿಜ್ಞಾನಿ ಲೇಕಾಫ್ ಮತ್ತು ತತ್ತ್ವಶಾಸ್ತ್ರಜ್ಞ ಜಾನ್ಸನ್ ರೂಪಕ ಬರೀ ಮಾತಿನದಲ್ಲ, ಯೋಚನೆಯದೇ ರೀತಿ ಎಂದು ವಾದಿಸಿದ್ದು ಇಂಥ ಗುಂಪುಗಳ ಮೇಲೆಯೇ. ಕನ್ನಡದಲ್ಲಿ ಬಿಸಿಯ ಗುಂಪು ನೋಡಿ. ರಕ್ತ ಕುದಿಯಿತು, ಮೈ ಉರಿಯಿತು ಎಂದರೆ ಸಿಟ್ಟು. ಹೊಟ್ಟೆ ಉರಿಯಿತು ಎಂದರೆ ಅಸೂಯೆ, ಕೆಲವೊಮ್ಮೆ ಸಂಕಟ. ತಲೆಬಿಸಿ ಎಂದರೆ ಚಿಂತೆ. ಬಿಸಿ ಒಂದೇ, ಮೈಯ ಯಾವ ಭಾಗಕ್ಕೆ ಹತ್ತಿತು ಎನ್ನುವುದರ ಮೇಲೆ ಭಾವ ಬದಲಾಗುತ್ತದೆ. ತಂಪು ಎದುರು ದಿಕ್ಕಿನಲ್ಲಿದೆ: ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂಬುದು ಹರಕೆ, ಉಪಕಾರ ಮಾಡಿದವರನ್ನು ‘ತಂಪು ಹೊತ್ತಿನಲ್ಲಿ ನೆನೆಯಬೇಕು’. ಅದಕ್ಕೇ ಇಂಗ್ಲಿಷಿನಿಂದ ಎತ್ತಿ ತಂದ ‘ಬೆಚ್ಚಗಿನ ಸ್ವಾಗತ’ ನಮ್ಮ ಕಿವಿಗೆ ಸರಿಹೋಗುವುದಿಲ್ಲ. ಚಳಿ ದೇಶದಲ್ಲಿ ಬಿಸಿ ಅಕ್ಕರೆ, ಇಲ್ಲಿ ಬಿಸಿಲಲ್ಲಿ ಬಂದವರಿಗೆ ಕೊಡುವುದು ತಣ್ಣನೆ ನೀರು. ‘ಬೆಚ್ಚನೆಯ ಮನೆ’ ಎಂಬ ಮಾತಿದೆಯಲ್ಲ ಎನ್ನಬಹುದು. ಅಲ್ಲಿ ಬೆಚ್ಚಗಿರುವುದು ಮನೆಯೇ, ಮಳೆ ಚಳಿಗೆ. ಅದು ನೇರ ಅರ್ಥ.

ತರಗತಿಟಿಪ್ಪಣಿ

ಇದನ್ನೆಲ್ಲ ಟಿಪ್ಪಣಿ ಮಾಡಿಕೊಂಡೆ. ಕೊನೆಯದಾಗಿ ಎರಡು. ಮಕ್ಕಳು ತಾವೇ ಬರೆಯುವಾಗ ಹೋಲಿಕೆ ಕೆಡುವುದು ಎಲ್ಲಿ? ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬಲ್ಲಿ ‘ಅಂತೆ’ಯೂ ಇಲ್ಲ, ‘ಏ’ಯೂ ಇಲ್ಲ. ಅದನ್ನು ಯಾವುದಕ್ಕೆ ಸೇರಿಸುವುದು?

ಉತ್ತರ 6: ವಚನವಾಚಕ

ಕೆಡುವುದು ಹೆಚ್ಚಾಗಿ ಎರಡು ಚಿತ್ರ ಒಂದರ ಮೇಲೊಂದು ಬಿದ್ದಾಗ. ‘ಭ್ರಷ್ಟಾಚಾರದ ಬೆಂಕಿಯನ್ನು ಬೇರುಸಮೇತ ಕಿತ್ತೊಗೆಯಬೇಕು’ ಎನ್ನುವ ಬಗೆಯ ವಾಕ್ಯಗಳು ಪ್ರಬಂಧದಲ್ಲೂ ಭಾಷಣದಲ್ಲೂ ಸಿಗುತ್ತವೆ. ಬೆಂಕಿಗೆ ಬೇರಿಲ್ಲ. ಬೆಂಕಿ ಎಂದು ಶುರು ಮಾಡಿದರೆ ಆರಿಸಬೇಕು, ಬೇರು ಎಂದರೆ ಕೀಳಬೇಕು. ವಾಕ್ಯ ಬರೆದ ಮೇಲೆ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಲು ಹೇಳಿ, ತಪ್ಪು ತಾನೇ ಕಾಣುತ್ತದೆ. ಇನ್ನೊಂದು, ಅಳತೆ ತಪ್ಪುವುದು: ಸಣ್ಣ ಗಾಯಕ್ಕೆ ಕುರುಕ್ಷೇತ್ರದ ಹೋಲಿಕೆ. ಸಂಸ್ಕೃತ ಶಾಸ್ತ್ರಕಾರ ಭಾಮಹ ಉಪಮೆಗೆ ಏಳು ದೋಷ ಎಣಿಸಿದ್ದಾನೆ. ಉಪಮಾನ ತೀರ ಕೀಳಾಗುವುದು, ತೀರ ಮೇಲಾಗುವುದು, ಲಿಂಗ ವಚನ ಹೊಂದದಿರುವುದು ಎಲ್ಲ ಅದರಲ್ಲಿವೆ. ಇನ್ನೊಬ್ಬ ಶಾಸ್ತ್ರಕಾರ ದಂಡಿ ಅದನ್ನು ಸಡಿಲಿಸಿ, ತಿಳಿದವರಿಗೆ ಕಸಿವಿಸಿಯಾಗದಿದ್ದರೆ ಇವು ದೋಷವೇ ಅಲ್ಲ ಎಂದ. 9ನೇ ಶತಮಾನದ ನಮ್ಮ ಕವಿರಾಜಮಾರ್ಗ ಅರ್ಥಾಲಂಕಾರದ ಭಾಗದಲ್ಲಿ ದಂಡಿಯ ಜಾಡನ್ನೇ ಹೆಚ್ಚಾಗಿ ಹಿಡಿದಿದೆ. ಮಕ್ಕಳ ಬರಹ ತಿದ್ದುವಾಗಲೂ ದಂಡಿಯ ಅಳತೆಗೋಲೇ ವಾಸಿ.

ಗಾದೆ ದೃಷ್ಟಾಂತಾಲಂಕಾರ. ಎರಡು ಸ್ವತಂತ್ರ ವಾಕ್ಯಗಳು ಎದುರುಬದುರು ನಿಂತು, ಬಿಂಬಕ್ಕೆ ಪ್ರತಿಬಿಂಬದಂತೆ ಒಂದನ್ನೊಂದು ತೋರಿಸುತ್ತವೆ. ನಡುವೆ ‘ಹಾಗೆಯೇ’ ಎಂದು ಸೇರಿಸಿ ಓದಿದರೆ ಸರಿಹೊಂದಬೇಕು. ಆದರೆ ಹೆಸರು ಬರೆಯಿಸುವ ಮೊದಲು ಮೊದಲರ್ಧದ ಅರ್ಥ ಕೇಳಿ. ಬಹಳ ಮಕ್ಕಳು ‘ಅಟ್ಟದ ಮೇಲೆ ಒಲೆ’ ಎಂದುಕೊಂಡಿರುತ್ತಾರೆ. ಇಲ್ಲಿ ‘ಅಟ್ಟ’ ಮನೆಯ ಅಟ್ಟವಲ್ಲ, ‘ಅಡು’ ಧಾತುವಿನ ಭೂತಕೃದಂತ: ಅಡುಗೆ ಮಾಡಿದ ಮೇಲೆ. ಹಸಿ ಸೌದೆ ಇಟ್ಟು, ಊದಿ ಊದಿ ಕಣ್ಣಲ್ಲಿ ನೀರು ಬಂದು, ಹೇಗೋ ಅನ್ನ ಬೆಂದು ಕೆಳಗಿಳಿಸಿದ ಮೇಲೆ ಒಲೆ ಧಗ್ಗನೆ ಹತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ ಮಾತ್ರ ಕಂಡವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಆ ಒಲೆ ಕಣ್ಣಿಗೆ ಬಂದ ಮೇಲೆ ಎರಡನೇ ಅರ್ಧವನ್ನು ವಿವರಿಸುವ ಕೆಲಸವೇ ಉಳಿಯುವುದಿಲ್ಲ.